ಮಲಗಿಯೇ ಜಾಗರ ಕಾಯ್ದ ಮರ್ಸುದಿ

ಕೆದುಂಗ್‌ಪ್ರಿಂಗ್ ಎಂಬ ಜಾವಾ ದ್ವೀಪದ ಊರಿನಲ್ಲಿ ಮಗು ಹುಟ್ಟಿದ ಮನೆಯಾಗಲಿ, ಸಾವಾದ ಮನೆಯಾಗಲಿ, ಬೆಳಗಾದರೆ ಮದುವೆ ಎನ್ನುವ ಮನೆಯಾಗಲಿ, ಆ ರಾತ್ರಿ ಗಂಡಸರು ಅಲ್ಲಿ ಜಾಗರ ಕೂರಬೇಕು. ಕರೆಯುವವರು ಬೇಕಿಲ್ಲ. ರಾತ್ರಿಯ ಇಶಾ ನಮಾಜು ಮುಗಿದದ್ದೇ ಲುಂಗಿಯಂಥ ಸರೋಂಗು ಬಿಗಿದುಕೊಂಡು ಒಬ್ಬೊಬ್ಬರಾಗಿ ಬರುತ್ತಾರೆ. ಜಗಲಿಯ ಚಾಪೆಯ ಮೇಲೆ ಕೂತು, ಬೇಯಿಸಿದ ಶೇಂಗಾ ಸುಲಿಯುತ್ತ, ತುಟಿ ಅಂಟುವಷ್ಟು ಸಕ್ಕರೆ ಸುರಿದ ಚಹಾ ಕುಡಿಯುತ್ತ, ಡಾಮಿನೊ ಬಿಲ್ಲೆಗಳನ್ನು ನೆಲಕ್ಕೆ ಬಡಿಯುತ್ತ ಬೆಳಗು ಮಾಡುತ್ತಾರೆ. ಹಸುಗೂಸಿನ ಮೇಲೆ ಕೆಟ್ಟದ್ದರ ಕಣ್ಣು ಬೀಳಬಾರದು, ಸಾವಿನ ಮನೆಯವರಿಗೆ ಕತ್ತಲು ಭಾರವಾಗಬಾರದು. ಹೀಗೆ ಕೂರದ ಗಂಡಸನ್ನು ಊರು ಗಂಡಸೆಂದು ಎಣಿಸುವುದಿಲ್ಲ.

ಹಾಗೆಂದು ಎಲ್ಲರ ಕಣ್ಣೂ ಬೆಳಗಿನವರೆಗೆ ತೆರೆದಿರುತ್ತವೆಯೇ? ನಡುರಾತ್ರಿ ದಾಟುವ ಹೊತ್ತಿಗೆ ಒಬ್ಬನ ಗದ್ದ ಎದೆಗೆ ಇಳಿದಿರುತ್ತದೆ, ಇನ್ನೊಬ್ಬ ಕಂಬಕ್ಕೆ ಒರಗಿ ಬಾಯಿ ತೆರೆದಿರುತ್ತಾನೆ. ಆ ಕಾಲದಲ್ಲಿ ಕೊನೆಯವರೆಗೂ ನೆಟ್ಟಗೆ ಕೂತಿರುತ್ತಿದ್ದವನು ಮರ್ಸುದಿಯೊಬ್ಬನೇ.

ಮರ್ಸುದಿ ಹಕ್ಕಿ ಪಂಜರ ಕಟ್ಟುವವನು. ಪರ್ಕುತುತ್ ಎಂಬ ಪುಟ್ಟ ಬೂದು ಪಾರಿವಾಳ ಸಾಕದ ಮನೆ ಜಾವಾದ ನಮ್ಮ ಸೀಮೆಯಲ್ಲಿ ಕಡಮೆ. ಬೆಳಗಾದರೆ ಪಂಜರವನ್ನು ಎತ್ತರದ ಗಳಕ್ಕೆ ಏರಿಸಿ, ಅದರ ದನಿ ಕೇಳುತ್ತ ಕೂರುವುದು ಗೃಹಸ್ಥನ ಲಕ್ಷಣ. ಬಿದಿರ ಕಡ್ಡಿಯನ್ನು ತಗಡಿನ ತೂತಿನೊಳಗೆ ಎಳೆದೆಳೆದು ದುಂಡಗೆ ಮಾಡುವ ಕೆಲಸದಲ್ಲಿ ಮರ್ಸುದಿಯ ಕೈ ಬಲು ಹದ. ಅವನ ಪಂಜರದ ಕಡ್ಡಿಗೆ ಕೆನ್ನೆ ಉಜ್ಜಿದರೂ ಸಿಬಿರು ಚುಚ್ಚುತ್ತಿರಲಿಲ್ಲ. ಆದರೆ ಊರು ಅವನನ್ನು ಗುರುತಿಸುತ್ತಿದ್ದದ್ದು ಕೈಯಿಂದಲ್ಲ, ಕಣ್ಣಿನಿಂದ. ನಿದ್ದೆ ಗೆದ್ದ ಮರ್ಸುದಿ ಎಂದೇ ಹೆಸರು.

ನಿಜ ಹೇಳಬೇಕೆಂದರೆ ಅವನು ನಿದ್ದೆಯನ್ನು ಗೆದ್ದಿರಲಿಲ್ಲ, ನಿದ್ದೆಯೇ ಅವನನ್ನು ಬಿಟ್ಟು ಹೋಗಿತ್ತು. ಮಗಳು ರತ್ಮಿ ಅಂಬೆಗಾಲಿಡುವ ವರ್ಷ ಶುರುವಾದದ್ದು. ಮೊದಮೊದಲು ಅದೇನೂ ಕಷ್ಟವೆನಿಸಲಿಲ್ಲ. ಊರೆಲ್ಲ ಮಲಗಿದ ಮೇಲೆ ಅವನದೇ ಇನ್ನೊಂದು ಊರು ಎದ್ದು ಕೂರುತ್ತಿತ್ತು. ಗದ್ದೆಗೆ ನೀರು ತಿರುಗಿಸುವವನ ಗುದ್ದಲಿಯ ಸದ್ದು, ಹಲಸಿನ ಮರದಲ್ಲಿ ಪುನುಗು ಬೆಕ್ಕಿನ ಓಡಾಟ, ಗಸ್ತಿನವರು ಬಿದಿರ ಡೊಳ್ಳು ಬಡಿದು ಹೋಗುವ ತಾಳ, ಮೋಡ ಸರಿದ ರಾತ್ರಿ ಮೆರಾಪಿ ಎಂಬ ಬೆಂಕಿಬೆಟ್ಟದ ತುದಿಯ ಕೆಂಪು. ಜಾಗರದ ಮನೆ ಇದ್ದರಂತೂ ಸರಿ, ಅವನೇ ರಾಜ.

“ಕಾಂಗ್, ಬಿಡು, ನನ್ ಹತ್ರ ಯಾಕ್ ಮುಚ್ಚಿಡ್ತೀಯ. ನಿನ್ನೆ ಮೂರ್ ಗಂಟೆಗೆ ಏನಾದ್ರೂ ಅಂಕಿ ಕಾಣಿಸ್ತಾ?” ಎಂದು ಲಾಟರಿ ಹುಚ್ಚಿನ ವರ್ಸೊ ಬೆನ್ನು ಬೀಳುತ್ತಿದ್ದ. ವರ್ಸೊ ಅವನ ಪಕ್ಕದ ಮನೆಯವನು, ಚಿಕ್ಕಂದಿನ ಗೆಳೆಯ, ಬಾತುಕೋಳಿ ಸಾಕುವವನು. ವಯಸ್ಸಿನಲ್ಲಿ ಸ್ವಲ್ಪ ಕಿರಿಯನಾದ್ದರಿಂದ ಅಣ್ಣನೆಂಬ ಅರ್ಥದಲ್ಲಿ ಕಾಂಗ್ ಎನ್ನುತ್ತಿದ್ದ.

“ಕಾಣಿಸ್ಲಿಲ್ಲ, ಕೇಳಿಸ್ತು. ನಿನ್ ಹೆಂಡ್ತಿ ನಿಂಗೆ ಬೈತಿದ್ಲು. ಎಣಿಸ್ತಾ ಎಣಿಸ್ತಾ ಲೆಕ್ಕ ತಪ್ಪೋಯ್ತು.”

“ಲೆಕ್ಕ ತಪ್ಪಿದ್ ಕಡೆಯಿಂದ್ಲೇ ಹೇಳು, ಆ ಅಂಕಿಗೇ ಕಟ್ತೀನಿ.”

ಅಂಥ ಮಾತು, ಅಂಥ ನಗು. ಮರ್ಸುದಿಗೆ ಇವತ್ತಿಗೂ ಬಾಳಿನ ಒಳ್ಳೆಯ ಕಾಲ ಯಾವುದೆಂದರೆ ನೆನಪಾಗುವುದು ಆ ಜಗಲಿಗಳೇ.

ಆಮೇಲೆ ಒಂದು ಮಳೆಗಾಲ ರಾತ್ರಿಗಳು ಬಣ್ಣಗೆಟ್ಟವು. ಪುನುಗು ಓಡಾಡಿದರೂ ಅವನಿಗೇನೂ ಆಗುತ್ತಿರಲಿಲ್ಲ, ಬೆಟ್ಟ ಕೆಂಪಾದರೂ ಅಷ್ಟೇ. ಅನ್ನ ಬಾಯಲ್ಲಿ ಮರಳಿನ ಹಾಗೆ ಹೊರಳುತ್ತಿತ್ತು. ಕಟ್ಟಿದ ಪಂಜರಗಳಿಗೆ ಬಾಗಿಲು ಇಡುವಷ್ಟು ಕಸುವೂ ಉಳಿಯಲಿಲ್ಲ. ಬಾಗಿಲಿಲ್ಲದ ಪಂಜರಗಳು ಸೂರಿನಡಿ ಒಂದರ ಮೇಲೊಂದು ಏರಿದವು. ಅವನು ಹಿತ್ತಲ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದ.

ಇಲ್ಲಿಯೇ ಊರು ತಪ್ಪಿದ್ದು. ಬೇರೆ ಸೀಮೆಯವರಾಗಿದ್ದರೆ ಕಾಯಿಲೆ ಎನ್ನುತ್ತಿದ್ದರೇನೋ. ನಮ್ಮವರು, ಮರ್ಸುದಿ ತಿರಾಕತ್ ಹಿಡಿದಿದ್ದಾನೆ ಎಂದರು. ಊಟ ನಿದ್ದೆ ಬಿಟ್ಟು, ಮೈ ದಂಡಿಸಿ, ಒಳಗಿನ ಶಕ್ತಿ ಸಂಪಾದಿಸುವ ವ್ರತ ಅದು. ಹಿಂದಿನವರು ಗುಹೆಯಲ್ಲಿ, ನದಿ ಕೂಡುವ ಕಡೆ ಕೂತು ಮಾಡುತ್ತಿದ್ದದ್ದು. ಇವನು ಮನೆಯಲ್ಲೇ ಹಿಡಿದಿದ್ದಾನೆಂದರೆ ಇನ್ನೂ ದೊಡ್ಡದು.

ಊರ ಹಿರಿಯ ಕರ್ಸೊ ಅಜ್ಜ ಬಂದು ಬಾಗಿಲಲ್ಲೇ ನಿಂತು, ಮರ್ಸುದಿಯ ಬೆನ್ನನ್ನು ದಿಟ್ಟಿಸಿ ನೋಡಿ, ಅವನ ಹೆಂಡತಿ ತುಮಿರಾಳನ್ನು ಪಕ್ಕಕ್ಕೆ ಕರೆದ.

“ಮಾತಾಡಿಸ್ಬೇಡ ತಾಯಿ. ದೊಡ್ಡ ದಾರೀಲಿ ಹೋಗ್ತಾ ಇದ್ದಾನೆ. ನಡುವೆ ಕೂಗಿದ್ರೆ ಎಡವ್ತಾನೆ.”

“ಊಟಾನೇ ಮಾಡ್ತಿಲ್ಲ, ಅಜ್ಜ.”

“ಮಾಡ್ಬಾರ್ದು. ಮಾಡಿದ್ರೆ ಕೆಡುತ್ತೆ.”

ತುಮಿರಾ ನಂಬಿದಳು. ತಾನೂ ಸೋಮವಾರ, ಗುರುವಾರ ಉಪವಾಸ ಹಿಡಿದಳು, ಗಂಡನ ವ್ರತಕ್ಕೆ ಬಲವಾಗಲಿ ಎಂದು. ಮಕ್ಕಳು ಗಲಾಟೆ ಮಾಡಿದರೆ ಬೆರಳು ತುಟಿಗಿಟ್ಟು ಗದರಿಸಿದಳು. ಊರ ಹೆಂಗಸರು ಮಗುವಿನ ನೆತ್ತಿಗೆ ಹಚ್ಚಲು ಅವನು ಕೈಯಿಟ್ಟ ನೀರು ಕೇಳಿ ತೆಗೆದುಕೊಂಡು ಹೋದರು. ಹೀಗೇ ವರ್ಷದ ಮೇಲಾಯಿತು. ಊರೆಲ್ಲ ಅವನು ಏರುತ್ತಿದ್ದಾನೆ ಎನ್ನುತ್ತಿದ್ದಾಗ ಅವನು ಕೆಳಗಿಳಿಯುತ್ತಲೇ ಇದ್ದ.

ಒಂದು ಮಧ್ಯಾಹ್ನ ತುಮಿರಾ ಅವನ ಬೆನ್ನ ಹಿಂದೆ ಅಕ್ಕಿ ಆರಿಸುತ್ತ ಕೂತಿದ್ದಳು. ಗೋಡೆಯ ಕಡೆ ತಿರುಗಿಯೇ, ಮಕ್ಕಳ ತಾಯಿ ಎಂಬ ಅರ್ಥದಲ್ಲಿ ಎಂದಿನಂತೆ ಬುನೆ ಎಂದು ಕರೆದು, ಅವನು ಹೇಳಿದ:

“ಬುನೆ, ನಾನು ವ್ರತ ಗಿತ ಏನೂ ಮಾಡ್ತಿಲ್ಲ. ನಂಗೆ ನುಂಗೋಕ್ ಆಗ್ತಿಲ್ಲ, ಅಷ್ಟೇ. ಬೆಳಗಾಗೋದು ಬೇಡ ಅನ್ಸುತ್ತೆ.”

ತುಮಿರಾಳ ಕೈಯಿಂದ ಮೊರ ಜಾರಿತು. ಅವಳು ಅಜ್ಜನನ್ನು ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ. ವರ್ಸೊನನ್ನು ಕೂಗಿ ಅವನ ಮೋಟಾರು ಸೈಕಲ್ಲಿನ ನಡುವೆ ಗಂಡನನ್ನು ಕೂರಿಸಿ, ಹಿಂದೆ ತಾನು ಅವುಚಿಕೊಂಡು ಕ್ಲಾತೆನ್ ಪಟ್ಟಣಕ್ಕೆ ಹೋದಳು.

ಅಲ್ಲಿನ ಡಾಕ್ಟರಮ್ಮ ಹಪ್ಸಾರಿ ಸಣ್ಣ ದನಿಯವಳು, ದೊಡ್ಡವರನ್ನೆಲ್ಲ ಅಪ್ಪ ಎಂಬ ಅರ್ಥದಲ್ಲಿ ಪಾಕ್ ಎನ್ನುವವಳು. ಎಲ್ಲ ಕೇಳಿ, ಮನಸ್ಸಿಗೂ ಜ್ವರ ಬರುವಂತೆ ಕಾಯಿಲೆ ಬರುತ್ತದೆ, ಪಾಕ್ ಮರ್ಸುದಿ, ಇದು ನಿಮ್ಮ ತಪ್ಪೂ ಅಲ್ಲ, ಪುಣ್ಯವೂ ಅಲ್ಲ ಎಂದಳು. ಮೊದಲು ಕೊಟ್ಟ ಮಾತ್ರೆ ಏನೂ ಮಾಡಲಿಲ್ಲ. ಎರಡನೆಯದು ಕೈ ನಡುಗಿಸಿ, ಹೊಟ್ಟೆ ತೊಳಸಿ, ಇದ್ದ ಚೂರು ನೆಮ್ಮದಿಯನ್ನೂ ಕಿತ್ತುಕೊಂಡಿತು. ಇನ್ನು ಬರುವುದಿಲ್ಲ ಎಂದು ಅವನು ಹಟ ಹಿಡಿದ. ಕೆಲವರ ಕಾಯಿಲೆ ಮೊಂಡು, ನಾವು ಅದಕ್ಕಿಂತ ಮೊಂಡಾಗಬೇಕು ಎಂದು ಡಾಕ್ಟರಮ್ಮ ಮತ್ತೊಂದನ್ನು ಬರೆದಳು. ಅದು ನಿದ್ದೆಯನ್ನೂ ತರುವ ಮಾತ್ರೆ, ರಾತ್ರಿ ಊಟವಾದ ಮೇಲೆ ನುಂಗಬೇಕು.

ಮೊದಲ ರಾತ್ರಿ ನುಂಗಿ, ಇದೇನು ಮಾಡೀತು ಎಂದುಕೊಂಡು ಕೂತಿದ್ದ. ಕಾಲು ಒದ್ದೆ ಗೋಣಿಯಾದವು. ನಾಲಗೆ ಅಂಟಿತು. ಲೋಟ ಕೆಳಗಿಡುವಷ್ಟರಲ್ಲಿ ಯಾರೋ ದೀಪ ಊದಿದ ಹಾಗೆ ಎಲ್ಲ ನಿಂತುಹೋಯಿತು. ಕಣ್ಣು ಬಿಟ್ಟಾಗ ಬಿಸಿಲು ನಡುಮನೆಯವರೆಗೆ ಬಂದಿತ್ತು, ಕಿಟಕಿಯಲ್ಲಿ ಐದಾರು ತಲೆಗಳಿದ್ದವು.

“ಉಸಿರಾಡ್ತಾ ಇದ್ದಾನೆ ನೋಡೇ.”

“ಗೊರಕೆ ಹೊಡ್ದಾಗ್ಲೇ ಗೊತ್ತಾಗ್ಲಿಲ್ವಾ. ನಮ್ ಎಮ್ಮೆ ಬೆದರಿ ಹಗ್ಗ ಕಿತ್ಕೊಳ್ತು.”

“ಪಾಪ, ಅವನ ಶಕ್ತಿಯೆಲ್ಲ ಹೋಯ್ತು ಕಣೇ.”

ಬೆಳಗಿನ ಹೊತ್ತು ಅವನ ತಲೆ ಬೂರುಗದ ಹತ್ತಿಯೊಳಗೆ ಹುಗಿದಿಟ್ಟಂತೆ ಇರುತ್ತಿತ್ತು. ಮಾತು ಕಿವಿಗೆ ಬಿದ್ದು ಅರ್ಥವಾಗುವಷ್ಟರಲ್ಲಿ ಆಡಿದವರು ಎದ್ದು ಹೋಗಿರುತ್ತಿದ್ದರು. ಬಿದಿರು ಸೀಳುವ ಕತ್ತಿ ಕೈ ತಪ್ಪಿ ಬೆರಳು ಕೊಯ್ದುಕೊಂಡ. ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಬೇಯಿಸಿದ ಮರಗೆಣಸಿನ ತಟ್ಟೆ ಖಾಲಿ ಮಾಡಿ ಮತ್ತೆ ಅಡುಗೆಮನೆ ಕಡೆ ನೋಟ. ಹಳೆಯ ಅಂಗಿಗಳು ಹೊಟ್ಟೆಯ ಮೇಲೆ ಬಿಗಿದವು. ಕನಸೆನ್ನುವುದೇ ಬೀಳುತ್ತಿರಲಿಲ್ಲ. ಸಂಜೆಯ ಅಂಚಿಗೆ ಬೆಳಗಿನ ಅಂಚನ್ನು ಯಾರೋ ಹೊಲಿದುಬಿಟ್ಟ ಹಾಗೆ, ನಡುವಿನ ರಾತ್ರಿಯೇ ಇಲ್ಲ.

ಹೀಗೇ ಹೋಗುತ್ತಿರುವಾಗ ಒಂದು ದಿನ ಊಟಕ್ಕೆ ಕೂತವನು ಸಂಬಾಲ್ ಚಟ್ನಿ ನೆಂಚಿದ ತುತ್ತು ಬಾಯಿಗಿಟ್ಟು ಮುಖ ಕಿವುಚಿದ.

“ಬುನೆ, ಸಂಬಾಲ್‌ಗೆ ಉಪ್ಪು ಜಾಸ್ತಿ ಆಗಿದೆ.”

ತುಮಿರಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. ಅಷ್ಟು ಕಾಲ ಏನು ಬಡಿಸಿದರೂ ಮಣ್ಣು ತಿಂದಂತೆ ತಿನ್ನುತ್ತಿದ್ದ ಗಂಡ ಅಡುಗೆಯಲ್ಲಿ ಕೊಂಕು ತೆಗೆದಿದ್ದ. ಮಾರನೆಯ ದಿನ ಬೇಕೆಂದೇ ಉಪ್ಪು ಇನ್ನಷ್ಟು ಹಾಕಿದಳೆಂದು ರತ್ಮಿ ಈಗಲೂ ಅಣಕಿಸುತ್ತಾಳೆ. ಡಾಕ್ಟರಮ್ಮ ಮಾತ್ರೆ ಸ್ವಲ್ಪ ತಗ್ಗಿಸಿ, ನುಂಗುವ ಹೊತ್ತನ್ನು ಸಂಜೆಯ ಕಡೆಗೆ ಸರಿಸಿದ ಮೇಲೆ ಬೆಳಗಿನ ಹತ್ತಿಯೂ ತೆಳುವಾಯಿತು. ಪಂಜರಗಳಿಗೆ ಬಾಗಿಲು ಬಂದವು.

ಆದರೆ ಜಾಗರದ ಮನೆಗಳಲ್ಲಿ ಅವನ ಜಾಗ ಹೋಯಿತು. ಹೋದರೂ ಚಹಾದ ಮೊದಲ ಸುತ್ತಿಗೇ ತೂಕಡಿಕೆ, ತುಮಿರಾ ಬಂದು ಕೈ ಹಿಡಿದು ಕರೆದುಕೊಂಡು ಹೋಗಬೇಕು. ಮಕ್ಕಳು ನಗುತ್ತಿದ್ದವು. ಆಮೇಲಾಮೇಲೆ ಅವನು ಹೋಗುವುದನ್ನೇ ಬಿಟ್ಟ. ಹಾಸಿಗೆಯಲ್ಲಿ ಮಾತ್ರೆ ಕೆಲಸ ಮಾಡುವುದಕ್ಕೆ ಮುಂಚಿನ ಚೂರು ಹೊತ್ತಿನಲ್ಲಿ ಯಾವುದೋ ಮನೆಯ ಜಗಲಿಯಿಂದ ಡಾಮಿನೊ ಬಿಲ್ಲೆಯ ಸದ್ದು ಕೇಳುತ್ತಿತ್ತು. ಪರದೇಶಕ್ಕೆ ಹೋದವನಿಗೆ ತನ್ನ ಊರು ನೆನಪಾಗುವ ಹಾಗೆ ಅವನಿಗೆ ಮನೆಯ ಪಕ್ಕದ ಕತ್ತಲು ನೆನಪಾಗುತ್ತಿತ್ತು.

ಆ ಆಸೆಯೇ ಒಮ್ಮೆ ಅವನನ್ನು ಬೀಳಿಸಿತು. ವರ್ಸೊನ ತಾಯಿ ತೀರಿಕೊಂಡಾಗ, ಇವತ್ತೊಂದು ರಾತ್ರಿ ಎಂದು ಮಾತ್ರೆ ಮುಟ್ಟದೆ ಹೋಗಿ ಕೂತ. ಎಂಥ ರಾತ್ರಿ ಅದು. ಹಳೆಯ ಮರ್ಸುದಿ ಬಂದ ಎಂದು ಜಗಲಿಯೇ ಎದ್ದು ಜಾಗ ಕೊಟ್ಟಿತು. ಕರ್ಸೊ ಅಜ್ಜ ತನ್ನ ಚಹಾವನ್ನೇ ಅವನ ಮುಂದೆ ಸರಿಸಿದ. ಮೂರು ಗಂಟೆಯ ತಂಪುಗಾಳಿ ಮುಖಕ್ಕೆ ತಾಗಿದಾಗ ಅವನ ಕಣ್ಣು ತುಂಬಿಕೊಂಡವು. ಮರುದಿನವೂ ನುಂಗಲಿಲ್ಲ. ಸಾವಿನ ಏಳು ದಿನದ ಪ್ರಾರ್ಥನೆ ಮುಗಿಯುವವರೆಗೂ ನುಂಗಲಿಲ್ಲ. ಎಂಟನೆಯ ದಿನದಿಂದ ಮತ್ತೆ ಹಿತ್ತಲ ಗೋಡೆ. ಆ ಸಲ ಭತ್ತ ಕೊಯ್ಲಾಗಿ, ಮುಂದಿನ ನಾಟಿಯೂ ಮುಗಿದ ಮೇಲೆ ಅವನು ಮುಖ ಈಚೆ ತಿರುಗಿಸಿದ್ದು. ಶಾಲೆಗೆ ಹೋಗುವ ರತ್ಮಿ ದಿನವೂ ಸಂಜೆ ಅಪ್ಪನ ಬೆನ್ನಿಗೆ ಬೆನ್ನು ಕೊಟ್ಟು ಕೂತು ಪಾಠ ಓದುತ್ತಿದ್ದಳು.

ವರ್ಷಗಳು ಕಳೆದು ಆ ರತ್ಮಿಗೇ ಮದುವೆ ಗೊತ್ತಾಯಿತು.

ಮದುವೆಯ ಹಿಂದಿನ ರಾತ್ರಿ ದೇವಕನ್ಯೆಯರು ಇಳಿದು ಬಂದು ಮದುಮಗಳಿಗೆ ತಮ್ಮ ಚೆಲುವಿನಲ್ಲಿ ಪಾಲು ಕೊಟ್ಟು ಹೋಗುತ್ತಾರೆ. ಬರುವವರಿಗೆ ಮನೆ ಎಚ್ಚರವಿರಬೇಕು, ಅದರಲ್ಲೂ ಹೆಣ್ಣಿನ ತಂದೆ ಎಚ್ಚರವಿರಬೇಕು. ಊರವರ ಮಕ್ಕಳಿಗೆಲ್ಲ ರಾತ್ರಿ ಕಾಯ್ದ ಮರ್ಸುದಿ ತನ್ನ ಮಗಳ ರಾತ್ರಿ ಮಲಗುವುದೇ? ಇತ್ತ ಬೆಳಗಾದರೆ ಇನ್ನೊಂದು ಕೆಲಸವಿತ್ತು. ಖಾಜಿಯ ಎದುರು ಅಳಿಯನ ಕೈ ಹಿಡಿದು, ಮಗಳನ್ನು ಕೊಟ್ಟೆ ಎಂಬ ಮಾತನ್ನು ತೊದಲದೆ, ತಡವರಿಸದೆ ಒಂದೇ ಉಸಿರಿಗೆ ಹೇಳಬೇಕಾದವನು ತಂದೆ. ತಡವರಿಸಿದರೆ ಸಾಕ್ಷಿಗಳು ಒಪ್ಪುವುದಿಲ್ಲ. ಈ ವಯಸ್ಸಿನಲ್ಲಿ ಮಾತ್ರೆ ಬಿಟ್ಟು ರಾತ್ರಿಯೆಲ್ಲ ಕೂತವನ ನಾಲಗೆ ತೊಡರದೆ ಇದ್ದೀತೇ?

ಅವನು ಕ್ಲಾತೆನ್‌ಗೆ ಹೋದ.

“ಒಂದೇ ರಾತ್ರಿ ಬಿಡ್ತೀನಿ, ಡಾಕ್ಟರಮ್ಮ.”

“ಹಿಂದಿನ ಸಲನೂ ಒಂದೇ ರಾತ್ರಿ ಅಂತ್ಲೇ ಶುರುವಾಗಿದ್ದು, ಪಾಕ್.”

“ಹೋಗ್ಲಿ, ಬೆಳಗಿನ ಜಾವ ನುಂಗಿದ್ರೆ?”

“ಮದ್ವೆ ಎಷ್ಟೊತ್ತಿಗೆ?”

“ಎಂಟಕ್ಕೆ.”

“ಎಂಟಕ್ಕೆ ನೀವು ಬಂದಿರ್ತೀರ. ನಿಮ್ ನಾಲಗೆ ಇನ್ನೂ ಮಲಗಿರುತ್ತೆ.” ಡಾಕ್ಟರಮ್ಮ ಮಾತ್ರೆಯ ಚೀಟಿ ಬರೆದು ಅವನ ಮುಂದೆ ಸರಿಸಿ, “ಜಾಗರ, ಮಾತ್ರೆ, ಯಾವ್ದು ಬಿಟ್ರೆ ನಿಮ್ ಮಗಳಿಗೆ ನಷ್ಟ ಅಂತ ಅವಳನ್ನೇ ಕೇಳಿ” ಎಂದಳು.

ಅವನು ಕೇಳಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೆಂದು ಗೊತ್ತಿತ್ತು. ಮದುವೆಯ ಹಿಂದಿನ ಸಂಜೆ ಮನೆ ತುಂಬ ಜನ, ತೆಂಗಿನ ಎಳೆಗರಿಯ ತೋರಣ, ಒಳಗೆ ರತ್ಮಿಗೆ ಹೂನೀರಿನ ಸ್ನಾನವಾಗಿತ್ತು. ಜಗಲಿಯ ಮೇಲೆ ಗಂಡಸರು ಸೇರುತ್ತಿದ್ದರು. ತುಮಿರಾ ಎಂದಿನಂತೆ ಮಾತ್ರೆಯನ್ನೂ ನೀರನ್ನೂ ತಂದು ಕೈಗಿಟ್ಟಳು. ಅವನು ಬಾಯಿಗೆ ಹಾಕಿದಂತೆ ಮಾಡಿ, ನೀರು ಕುಡಿದು, ಮಾತ್ರೆಯನ್ನು ಸರೋಂಗಿನ ಸೊಂಟದ ಮಡಿಕೆಗೆ ಸೇರಿಸಿದ. ಹೆಂಡತಿಗೆ ಕಾಣಲಿಲ್ಲ. ಬಾಗಿಲ ಸಂದಿಯಲ್ಲಿ ಕೂದಲು ಒಣಗಿಸುತ್ತ ನಿಂತಿದ್ದ ಮದುಮಗಳಿಗೆ ಕಂಡಿತು.

“ಪಾಕ್, ಇಲ್ ಬನ್ನಿ.”

ಅವನು ಹೋದ. ಮಲ್ಲಿಗೆಯ ವಾಸನೆಯಲ್ಲಿ ಮಗಳ ಗುರುತೇ ಸಿಗದಂತಾಗಿತ್ತು.

“ಮಡಿಕೇಲಿ ಏನಿದೆ?”

“ಏನಿಲ್ಲ. ನಶ್ಯ.”

“ನೀವ್ ಯಾವತ್ ನಶ್ಯ ಹಾಕಿದ್ರಿ?” ಅವಳು ನಗಲಿಲ್ಲ. “ಎಣ್ಣೆ ದೀಪ ಹಚ್ಕೊಂಡು ನಿಮ್ ಬೆನ್ನಿಗೆ ಒರಗಿ ನಾನು ಓದ್ತಿದ್ದೆ. ನಿಮ್ ಉಸಿರು ನನ್ ಬೆನ್ನಿಗೆ ಗೊತ್ತಾಗೋದು. ನಿಂತೋದ್ರೆ ಅಂತ ಹೆದ್ರಿಕೊಂಡು ಪುಟ ತಿರುಗಿಸ್ತಾನೇ ಇರ್ಲಿಲ್ಲ.”

ಮರ್ಸುದಿಯ ಕೈ ಸೊಂಟದ ಮಡಿಕೆಯನ್ನು ಮುಚ್ಚಿತು.

“ದೇವಕನ್ಯೆಯರು ಬರದಿದ್ರೂ ನಡೆಯುತ್ತೆ. ನಂಗಿರೋ ಚೆಂದ ಸಾಕು ಅಂತ ಕೈ ಹಿಡಿಯೋನೇ ಒಪ್ಪಿದ್ದಾನೆ. ನಾಳೆ ನನ್ನ ಕೊಡೋ ಮಾತು ನಿಮ್ ಬಾಯಿಂದ ಬರ್ಬೇಕು. ಬೇರೆಯೋರ್ ಬಾಯಿಂದಲ್ಲ.”

“ಊರು ಏನನ್ನುತ್ತೆ, ಮಗಳೇ. ಅಪ್ಪನಾಗಿ ನಾನು ಜಗಲಿ ಬಿಟ್ಟು ಒಳಗೋಗಿ ಮಲಗೋದಾ.”

ತಡಿಕೆಯ ಆಚೆ ಶೇಂಗಾ ತಟ್ಟೆಗೆ ಕಾಯುತ್ತಿದ್ದ ವರ್ಸೊಗೆ ಇದೆಲ್ಲ ಕೇಳಿಸಿತ್ತು. ಅವನು ತಲೆ ಒಳಗೆ ಹಾಕಿದ.

“ಒಳಗೋಗಿ ಮಲ್ಕೋ ಅಂತ ಯಾರಂದ್ರು? ಜಗಲೀಲೇ ಮಲ್ಕೋ. ಚಾಪೆ ಅಲ್ಲೇ ಇದೆ, ನಾವೂ ಅಲ್ಲೇ ಇರ್ತೀವಿ. ನನ್ ಅಮ್ಮ ಸತ್ತಾಗ ನೀನ್ ಏಳ್ ರಾತ್ರಿ ಕೂತು ಏನಾದೆ ಅಂತ ನಂಗೊತ್ತಿಲ್ವಾ. ಆ ಭಾರ ನನ್ ತಲೆ ಮೇಲಿದೆ ಕಾಂಗ್. ಇವತ್ ನನ್ ಸರದಿ.”

“ಮಲಗಿದೋನ್ನ ಜಾಗರದಲ್ಲಿ ಲೆಕ್ಕಕ್ಕೆ ಹಿಡೀತಾರಾ?”

“ಕರ್ಸೊ ಅಜ್ಜ ಇಪ್ಪತ್ ವರ್ಷದಿಂದ ಕೂತೇ ನಿದ್ದೆ ಮಾಡ್ತಾನೆ. ಅವನ್ನ ಹಿಡಿದಿಲ್ವಾ?”

ರತ್ಮಿಗೆ ನಗು ತಡೆಯಲಾಗಲಿಲ್ಲ. ಮರ್ಸುದಿ ಮಡಿಕೆಯಿಂದ ಮಾತ್ರೆ ತೆಗೆದು, ಮಗಳ ಮುಂದೆಯೇ ನುಂಗಿದ. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಜಗಲಿಗೆ ಹೋಗಿ, ಗಂಡಸರ ನಡುವೆ ಚಾಪೆಯ ಮೇಲೆ ಕಾಲು ಚಾಚಿದ. ಯಾರೋ ಒಬ್ಬ ಹಲ್ಲು ಬಿಟ್ಟ. ವರ್ಸೊ ಅವನ ಕಡೆ ನೋಡಿದ್ದೇ ಹಲ್ಲು ಒಳಗೆ ಹೋದವು.

ಕರ್ಸೊ ಅಜ್ಜ ಕೈಯಲ್ಲಿದ್ದ ಬಿಲ್ಲೆ ಕೆಳಗಿಟ್ಟ. ತನ್ನ ಹೆಗಲ ಮೇಲಿನ ಸರೋಂಗು ಬಿಚ್ಚಿ, “ಸೊಳ್ಳೆ ಕಡಿಯುತ್ತೆ” ಎನ್ನುತ್ತ ಮರ್ಸುದಿಯ ಕಾಲಿನ ಮೇಲೆ ಹೊದಿಸಿದ. ದಾರಿ ತಪ್ಪಿಸಿದವನು ತಾನೇ ಎಂದು ಅಜ್ಜ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಅಷ್ಟರಲ್ಲೇ ಹೇಳಿದ ಹಾಗಾಯಿತು.

ಕಾಲು ಒದ್ದೆ ಗೋಣಿಯಾಗುತ್ತ ಬಂದವು. ಬಿಲ್ಲೆಗಳು ಕಿವಿಯ ಪಕ್ಕದಲ್ಲೇ ಬಡಿಯುತ್ತಿದ್ದವು. ಶೇಂಗಾ ಸಿಪ್ಪೆಯ ವಾಸನೆ, ಬೀಡಿಯ ಲವಂಗದ ಹೊಗೆ, ಯಾರದೋ ಮೊಣಕಾಲು ಅವನ ಬೆನ್ನಿಗೆ ತಾಗಿಕೊಂಡೇ ಇತ್ತು. ಎಷ್ಟೋ ವರ್ಷಗಳ ಮೇಲೆ ಅವನು ಆ ಸದ್ದಿನೊಳಗೇ ನಿದ್ದೆಗೆ ಇಳಿದ.

ಬೆಳಿಗ್ಗೆ ಎಂಟಕ್ಕೆ ಅವನು ಅಳಿಯನ ಕೈ ಹಿಡಿದು ಮಾತು ಹೇಳಿದ. ಒಂದೇ ಉಸಿರಿಗೆ ಹೇಳಿದ, ಅಂಗಳದ ಕೊನೆಯಲ್ಲಿದ್ದವರಿಗೂ ಕೇಳಿಸಿತು. ಖಾಜಿ ತಿರುಗಿ, ಸಾಕ್ಷಿಗಳು ಒಪ್ಪಿದರೇ ಎಂದಾಗ ಉತ್ತರ ಬರುವುದು ತಡವಾಯಿತು. ಸಾಕ್ಷಿಯಾಗಿದ್ದ ವರ್ಸೊ ಕೂತಲ್ಲೇ ತೂಕಡಿಸುತ್ತಿದ್ದ.

ಅಂದಿನಿಂದ ನಮ್ಮೂರಿನಲ್ಲಿ ಜಾಗರದ ಮನೆಯವರು ಚಹಾ, ಶೇಂಗಾದ ಜೊತೆಗೆ ಜಗಲಿಯ ಮೂಲೆಯಲ್ಲಿ ಒಂದು ದಿಂಬನ್ನೂ ಇಡುತ್ತಾರೆ. ಮರ್ಸುದಿ ಹೊತ್ತಿಗೆ ಮುಂಚೆ ಬಂದು, ನಾಲ್ಕು ಮಾತಾಡಿ, ಮಾತ್ರೆ ನುಂಗಿ ಮಲಗುತ್ತಾನೆ. ಈಗ ಅವನಿಗೂ ವಯಸ್ಸಾಯಿತು. ಮೂರು ಗಂಟೆಯ ಗಾಳಿಯ ಮೇಲಿನ ಆಸೆ ಮಾತ್ರ ಹೋಗಿಲ್ಲ. ಬೆಳಗಾದ ಕೂಡಲೇ ಭಾರದ ಕಣ್ಣು ಅರ್ಧ ತೆರೆದು ವರ್ಸೊನನ್ನು ಕೇಳುತ್ತಾನೆ.

“ಏನಾಯ್ತೋ ರಾತ್ರಿ?”

“ಏನೂ ಆಗ್ಲಿಲ್ಲ ಕಾಂಗ್. ಸ್ವಲ್ಪ ಮಳೆ ಹನೀತು.”

“ಎಷ್ಟೊತ್ತಿಗೆ?”

“ಗಸ್ತಿನೋರ್ ಹೋದ್ಮೇಲೆ.”

“ಜೋರಾಗಿ ಬಂತಾ, ಮೆಲ್ಲಗೆ ಬಂತಾ?”

ವರ್ಸೊ ಆಕಳಿಸುತ್ತ, ಗಲ್ಲ ಕೆರೆದುಕೊಳ್ಳುತ್ತ, ಆ ಮಳೆಯನ್ನು ಮೊದಲಿನಿಂದ ಹೇಳಲು ಶುರು ಮಾಡುತ್ತಾನೆ.